ಸೋರುವ ಫೋರ್ಕು, ನಾದಿನಿಯ ಕೈ

ಮೋಟಾರ್ ಸೈಕಲ್ಲಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನಿಂದ ಎಣ್ಣೆ ಸೋರುತ್ತಿದ್ದುದನ್ನು ಮೂರು ವಾರ ಹೆಂಡತಿಯಿಂದ ಮುಚ್ಚಿಟ್ಟಿದ್ದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದಿನಾ ಬೆಳಿಗ್ಗೆ ಹಳೆ ಬನಿಯನ್ನಿನ ತುಂಡಿನಿಂದ ಒರೆಸಿ, ಗಾಡಿಗೆ ಏನೂ ಆಗಿಲ್ಲವೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುರಿಯುವ ಮೂಗನ್ನು ಒರೆಸಿ ಮಗುವನ್ನು ಫೋಟೋಕ್ಕೆ ನಿಲ್ಲಿಸುವ ತಾಯಂದಿರ ಕಷ್ಟ ಆಗ ಅರ್ಥವಾಯಿತು.

ನಾವಿಬ್ಬರೂ ಹೊಸೂರಿನಿಂದ ರಾಯಕೋಟೆಗೆ ಒಂದೇ ಗಾಡಿಯಲ್ಲಿ ಹೋಗಿಬರುವವರು. ನಾನು ಅಲ್ಲಿನ ಶಾಲೆಯ ಮೇಷ್ಟ್ರು, ಹೆಂಡತಿ ಸರೋಜ ಅಂಗನವಾಡಿಯವಳು. ನಡುವೆ ಸಾನಮಾವು ಕಾಡು. ಒಂದು ಮಂಗಳವಾರ ಆನೆಯೊಂದು ರಸ್ತೆಗೆ ಬಂದು ನಿಂತಿತ್ತು. ಮುಂದಿನ ಬ್ರೇಕ್ ಒತ್ತಿದೆ, ಅದು ಹಿಡಿಯಲಿಲ್ಲ. ಸೋರಿದ ಎಣ್ಣೆ ಇಳಿದು ಬ್ರೇಕಿಗೆ ಸೇರಿತ್ತು. ಹಿಂದಿನ ಬ್ರೇಕು, ನನ್ನೆರಡು ಕಾಲು, ಮನೆದೇವರು ಎಲ್ಲ ಸೇರಿ ಹೇಗೋ ಗಾಡಿ ನಿಲ್ಲಿಸಿದೆವು. ಆನೆ ನಮ್ಮನ್ನು ಲೆಕ್ಕಕ್ಕೇ ಇಡದೆ ದಾಟಿಹೋಯಿತು.

"ಇದು ಸರಿ ಆಗೋಗಂಟ ನಾನು ಕೂರಾಕಿಲ್ಲ," ಎಂದ ಸರೋಜ ಮಾರನೆಯ ದಿನದಿಂದ ಬಸ್ಸು ಹಿಡಿದಳು. ಹಿಂದಿನ ಬ್ರೇಕೊಂದನ್ನೇ ನಂಬಿ, ಖಾಲಿ ಸೀಟು ಹೊತ್ತು ಆ ಕಾಡು ದಾಟುವಾಗ ನಿಜಕ್ಕೂ ಸಂಕಟವಾಗುತ್ತಿತ್ತು.

ಭಾನುವಾರ ಗಾಡಿ ರಿಪೇರಿಗೆ ಬೇಕಾದ ಸಾಮಾನು ಹಿಡಿದು ಅವಳ ತಂಗಿ ಮಂಜುಳಾ ಬಂದಳು. ಕಾರ್ಖಾನೆಯೊಂದರಲ್ಲಿ ಫೋರ್ಕು ಜೋಡಿಸುವ ಲೈನಿನಲ್ಲಿ ಅವಳಿಗೆ ಎಂಟು ವರ್ಷದಿಂದ ಕೆಲಸ. ನಾನೋ ಮೂರು ವಿಡಿಯೋ ನೋಡಿ ಪಂಡಿತನಾಗಿದ್ದವನು. ನಮ್ಮ ಅಂಗಳದಲ್ಲಿ ನನಗೆ ಸಿಕ್ಕಿದ್ದು ಸ್ಪ್ಯಾನರ್ ಎತ್ತಿಕೊಡುವ ಹುದ್ದೆ.

ಅವಳ ಕೆಲಸ ನೋಡುವುದೇ ಒಂದು ಸುಖ. ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಪೇಪರಿನ ಮೇಲೆ ಸಾಲಾಗಿ ಇಟ್ಟಳು. ಯಾವುದಕ್ಕೂ ಅವಸರವಿಲ್ಲ, ಯಾವುದನ್ನೂ ಎರಡನೇ ಸಲ ಹುಡುಕಲಿಲ್ಲ. ಎಣ್ಣೆಯನ್ನು ಒಳಗೆ, ಧೂಳನ್ನು ಹೊರಗೆ ಇಡುವ ಸೀಲ್ ಎಂಬುದು ಬರೀ ಒಂದು ರಬ್ಬರ್ ಬಳೆ. ಅದನ್ನು ಕಿತ್ತು ಬೆರಳಿಂದ ಸವರಿ ನನ್ನತ್ತ ಚಾಚಿದಳು. ಅಂಚಿನಲ್ಲಿ ಕೆಂಪು ಗಸಿ.

"ಬಾವ, ಇದು ಕುಂಕುಮ ಅಲ್ವಾ?"

ಹೌದು. ಆಯುಧಪೂಜೆಯ ದಿನ ಫೋರ್ಕಿನ ಎರಡು ಹೊಳೆಯುವ ಕಂಬಗಳಿಗೂ ವಿಭೂತಿಯ ಮೂರು ಗೆರೆ ಎಳೆದು, ನಡುವೆ ಕುಂಕುಮವಿಟ್ಟು, ಕೈ ಮುಗಿದವನು ನಾನೇ. ನೇಗಿಲಿಗೂ ಕುಡುಗೋಲಿಗೂ ಕುಂಕುಮವಿಟ್ಟ ಹಿರಿಯರದೇನೂ ತಪ್ಪಿಲ್ಲ. ಅವಕ್ಕೆ ಸೀಲ್ ಇರಲಿಲ್ಲ.

"ಇಕ್ಕೋದಾದ್ರೆ ಟ್ಯಾಂಕಿಗೆ ಇಕ್ಕಿ ಬಾವ. ಈ ಕಂಬ ಮ್ಯಾಲಕ್ಕೂ ಕೆಳಕ್ಕೂ ಆಡ್ತದೆ. ಒಣಗಿದ್ದನ್ನೆಲ್ಲ ಒಳೀಕೆ ಎಳ್ಕಂಡು ರಬ್ಬರು ಕೊಯ್ದಾಕ್ಬುಡ್ತದೆ," ಎಂದು ನಕ್ಕಳು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಹೊಸ ಸೀಲ್ ಹಾಕುವ ಮುಂಚೆ ಅವಳು ಅಡುಗೆಮನೆಯಿಂದ ಖಾಲಿ ಹಾಲಿನ ಕವರ್ ತರಿಸಿದಳು. ಕಂಬದ ತುದಿಗೆ ಅದನ್ನು ತೊಡಿಸಿ, ಎಣ್ಣೆ ಸವರಿ, ಚೂಪಾದ ಅಂಚು ತಾಗದಂತೆ ಸೀಲನ್ನು ಮೆತ್ತಗೆ ಜಾರಿಸಿದಳು. ಬಾಣಂತಿ ಮಗುವಿಗೆ ಅಂಗಿ ತೊಡಿಸುವಾಗ ಕಾಣುವ ಜತನ ಅದು. ಎರಡೂ ಕಡೆ ಒಂದೇ ಅಳತೆಗೆ ಹೊಸ ಎಣ್ಣೆ ಹೊಯ್ದಳು, ಮುಂದಿನ ಬ್ರೇಕಿನ ಡಿಸ್ಕನ್ನು ತೊಳೆದಳು, ಎಣ್ಣೆ ಕುಡಿದಿದ್ದ ಬ್ರೇಕ್ ಪ್ಯಾಡುಗಳನ್ನು ಬದಲಿಸಿದಳು. ಆಮೇಲೆ ಬೀದಿಯಲ್ಲಿ ತಾನೇ ಓಡಿಸಿ, ಹತ್ತಾರು ಸಲ ಬ್ರೇಕ್ ಹಿಡಿದು ನೋಡಿ, ಕಂಬಕ್ಕೆ ಬೆರಳೊತ್ತಿ ತೋರಿಸಿದಳು. ಒಣಗಿತ್ತು.

ಸೋಮವಾರ ಬೆಳಿಗ್ಗೆ ಗಾಡಿ ಹೊರತೆಗೆದು, "ಈಗ ಪೂರಾ ಸರಿಹೋಗಿದೆ, ಕೂತ್ಕೊ," ಎಂದೆ. ಸರೋಜ ಅಲುಗಲಿಲ್ಲ. ರಾತ್ರಿ ನಮ್ಮಲ್ಲೇ ಉಳಿದು ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆ ತಿರುಗಿದಳು.

"ಕೂರ್ಲೇನೇ?"

"ಕೂರಕ್ಕ."

ತಕ್ಷಣ ಹತ್ತಿ ಕೂತಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡನ ಮಾತಿಗಿಲ್ಲದ ಬೆಲೆ ಆ ಒಂದು ಮಾತಿಗಿತ್ತು. ಬೇಸರಪಡೋಣವೆಂದು ಹೊರಟೆ, ಆದರೆ ಸಾನಮಾವಿನ ತಿರುವಿನಲ್ಲಿ ಬ್ರೇಕಿನ ಮೇಲೆ ಬೆರಳಿಟ್ಟಾಗ ತಿಳಿಯಿತು, ನಾನೂ ಕೂತಿದ್ದು ಮಂಜುಳಾಳ ಮಾತು ನಂಬಿಯೇ.