ಗ್ಲೆನಿಸ್ ಮೇಲೆ ನೋಡಿದ ಸಂಜೆ

ಗ್ಲೆನಿಸ್ ಟ್ರೆಲೋರ್ ಮದುವೆಯಾದಾಗಿನಿಂದ ಸಂಜೆಗಳನ್ನೆಲ್ಲ ಆಕಾಶದ ಕೆಳಗೇ ಕಳೆದವಳು, ಆದರೆ ಆಕಾಶ ನೋಡಿದವಳಲ್ಲ. ನೋಡುವುದು ಗಂಡ ಮರ್ವ್‌ನ ಕೆಲಸ. ಅಡಿಲೇಡ್‌ನ ಉತ್ತರ ತುದಿಯ ಆ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಣಹಾಕುವ ಕಂಬದ ಪಕ್ಕದಲ್ಲಿ ಅವನು ದುರ್ಬೀನು ಹಿಡಿದು ಕತ್ತೆತ್ತಿ ನಿಲ್ಲುತ್ತಿದ್ದ. ಇವಳು ಅಡುಗೆಮನೆಯ ಸ್ಟೂಲು ತಂದು ಹಾಕಿಕೊಂಡು, ಕೆಂಪು ಕಾಗದ ಸುತ್ತಿದ ಟಾರ್ಚಿನ ಮಬ್ಬು ಬೆಳಕಿನಲ್ಲಿ ಸ್ಟಾಪ್‌ವಾಚ್ ಮೇಲೆ ಕಣ್ಣು ನೆಟ್ಟು ಕೂರುತ್ತಿದ್ದಳು. ಉಪಗ್ರಹವೊಂದು ಮೊದಲೇ ಗೊತ್ತುಮಾಡಿಕೊಂಡ ನಕ್ಷತ್ರವನ್ನು ದಾಟುವಾಗ ಅವನು ‘ಈಗ’ ಅನ್ನಬೇಕು, ಇವಳು ಗುಂಡಿ ಒತ್ತಬೇಕು. “ಇಬ್ರೂ ಮೇಲೆ ನೋಡ್ತಾ ನಿಂತ್ರೆ ಹೊತ್ತು ನೋಡೋರ್ಯಾರು?” ಎಂದು ಮದುವೆಯ ಹೊಸದರಲ್ಲೇ ಮರ್ವ್ ಹೇಳಿದ್ದ. ಆ ಮನೆಯಲ್ಲಿ ಅದು ಶಿಲಾಶಾಸನವಾಗಿ ಉಳಿದುಬಿಟ್ಟಿತು.

ಹಾಗಂತ ಅವಳನ್ನು ಬಾಯಿಲ್ಲದ ಹೆಂಗಸು ಅಂದುಕೊಳ್ಳಬೇಡಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಯಂತ್ರಗಳ ಗದ್ದಲವನ್ನು ಮೀರಿಸಿ ಕೂಗಿ ಕೂಗಿ ಗಂಟಲು ಗಟ್ಟಿಮಾಡಿಕೊಂಡವಳು. ಬೇಲಿಯಾಚೆಯ ಕಾನ್ ಒಮ್ಮೆ, “ಏನ್ ಗ್ಲೆನಿಸ್, ನಿನ್ ಗಂಡ ಇನ್ನೂ ಮೇಲಿನೋರ ಜೊತೆ ಮಾತಾಡ್ತಿದ್ದಾನಾ?” ಎಂದು ಕಿಚಾಯಿಸಿದ್ದಕ್ಕೆ, “ಮಾತಾಡ್ಲಿ ಬಿಡು. ಕೆಳಗಿನೋರ ಜೊತೆ ಜಗಳ ಆಡೋಕೆ ನಾನಿದ್ದೀನಲ್ಲ” ಅಂದಿದ್ದಳು.

ಮರ್ವ್ ಕಾರು ಕಾರ್ಖಾನೆಯಲ್ಲಿ ಬಾಗಿಲು ಜೋಡಿಸಿ ನಿವೃತ್ತನಾದವನು. ಓದಿದ್ದು ಅಷ್ಟಕ್ಕಷ್ಟೆ. ಆದರೆ ಹೋಬಾರ್ಟ್‌ನ ಲಿಂಡ್ಸೆ ನಡೆಸುತ್ತಿದ್ದ ಹವ್ಯಾಸಿಗಳ ಗುಂಪಿನಲ್ಲಿ ಅವನ ಮಾತಿಗೆ ತೂಕವಿತ್ತು. ಊರೂರಿನ ಹಿತ್ತಿಲುಗಳಿಂದ ಬಂದ ಸಮಯಗಳನ್ನು ಕೂಡಿಸಿ, ಯಾವ ಉಪಗ್ರಹ ಎಲ್ಲಿ ಹೊರಟಿದೆ, ಯಾವುದು ಕೆಳಗಿಳಿಯುತ್ತಿದೆ ಎಂದು ಅವರು ಲೆಕ್ಕ ಹಾಕುತ್ತಿದ್ದರು. ಆ ಗುಂಪಿಗೆ ಇದ್ದದ್ದು ಒಂದೇ ನೇಮ: ಕಾಣದ್ದನ್ನು ಕಂಡೆ ಅನ್ನಬಾರದು. ಮೋಡ ಬಂತೋ, ಮೋಡ ಬಂತು ಅನ್ನು. ಸೀನು ಬಂದು ತಪ್ಪಿತೋ, ತಪ್ಪಿತು ಅನ್ನು. ಅದಕ್ಕೆ ಯಾರೂ ನಗುತ್ತಿರಲಿಲ್ಲ.

ಆ ವರ್ಷ ಗ್ಲೆನಿಸ್‌ಳ ಮನಸ್ಸಿಗೆ ಹುಳ ಬಿಟ್ಟದ್ದು ಒಂದು ಮಳೆಹನಿ. ಚಳಿಗಾಲದ ಒಂದು ಸಂಜೆ ಮರ್ವ್ ಗಟ್ಟಿಯಾಗಿ “ಈಗ” ಅಂದ, ಇವಳು ಒತ್ತಿದಳು. ಅಷ್ಟರಲ್ಲಿ ಸ್ಟಾಪ್‌ವಾಚಿನ ಗಾಜಿನ ಮೇಲೆ ಹನಿಯೊಂದು ಟಪ್ಪೆಂದು ಬಿತ್ತು, ಹಿಂದೆಯೇ ಇನ್ನೊಂದು. ಮಳೆ ಬೀಳುವ ಮೋಡದ ಆಚೆ ಇವನಿಗೆ ಕಂಡದ್ದಾದರೂ ಏನು? ಅವಳು ಬಾಯಿ ಬಿಡಲಿಲ್ಲ. ಆದರೆ ಅಂದಿನಿಂದ ಒಂದೊಂದೇ ಸಂಗತಿ ಎದ್ದು ಬರತೊಡಗಿತು. ಪೆಟ್ರೋಲ್ ತುಟ್ಟಿಯೆಂದು ಅವನು ಕಾರು ಓಡಿಸುವುದನ್ನೇ ನಿಲ್ಲಿಸಿದ್ದು. ಚಹಾ ಬಗ್ಗಿಸುವಾಗ ಲೋಟದ ಅಂಚಿಗೆ ಬೆರಳು ಇಟ್ಟುಕೊಳ್ಳುವುದು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದರೆ, “ನನ್ ಕಣ್ಣಿಗೇನಾಗಿದೆ? ನಿನ್ ಅಡುಗೆ ಕಾಣ್ದೆ ಹೋದ್ರೆ ಪುಣ್ಯ” ಎಂದು ನಗೆಯಲ್ಲಿ ತೇಲಿಸಿಬಿಡುವುದು.

ಕೇಳಿಬಿಡೋಣವೆಂದು ದಿನಾ ಅಂದುಕೊಳ್ಳುವಳು, ದಿನಾ ನುಂಗಿಕೊಳ್ಳುವಳು. ಕಾರ್ಖಾನೆ ಹೋಯಿತು, ಕಾರು ಹೋಯಿತು, ಮರ್ವ್‌ಗೆ ಉಳಿದದ್ದು ಈ ಹಿತ್ತಿಲೊಂದೇ. ಅದನ್ನೂ ತಾನೇ ಕಿತ್ತುಕೊಂಡರೆ ಆ ಮನುಷ್ಯ ಗೋಡೆ ನೋಡುತ್ತ ಕೂತುಬಿಡುತ್ತಾನೆ. ಸುಮ್ಮನಿದ್ದರೆ ಸುಳ್ಳಿಗೆ ಗುಂಡಿ ಒತ್ತುವವಳು ತಾನೇ. ನುಂಗಿದರೆ ಬಿಸಿ, ಉಗುಳಿದರೆ ತುಪ್ಪ.

ಅಷ್ಟರಲ್ಲಿ ಲಿಂಡ್ಸೆಯಿಂದ ಸುದ್ದಿ ಬಂತು. ಹಳೆಯ ರಾಕೆಟ್ಟಿನ ಖಾಲಿ ಚಿಪ್ಪೊಂದು ದಿನೇದಿನೇ ಕೆಳಗಿಳಿಯುತ್ತಿದೆ, ಎಲ್ಲಿ ಬೀಳುತ್ತದೋ ಗೊತ್ತಿಲ್ಲ, ಗುರುವಾರ ಕತ್ತಲಾಗುತ್ತಲೇ ಅಡಿಲೇಡ್ ಮೇಲೆ ಹಾಯುತ್ತದೆ, ಎಲ್ಲರೂ ನೋಡಿ. ಗ್ಲೆನಿಸ್ ಅದನ್ನು ಎರಡು ಸಲ ಓದಿಕೊಂಡಳು. ಇಷ್ಟು ದಿನ ಹೇಗೋ ಏನೋ, ಇದರಲ್ಲಿ ಸುಳ್ಳು ಹೇಳುವಂತಿರಲಿಲ್ಲ.

ಗುರುವಾರ ಆಕಾಶ ತೊಳೆದಿಟ್ಟಂತಿತ್ತು. ಶಿಲುಬೆಯಾಕಾರದ ನಕ್ಷತ್ರಗಳು ನೆತ್ತಿಯ ಹತ್ತಿರ ಬಂದಿದ್ದವು. ಅವುಗಳ ಪಕ್ಕದ ಎರಡು ದೊಡ್ಡ ನಕ್ಷತ್ರಗಳ ನಡುವೆ ಚಿಪ್ಪು ಹಾಯುವಾಗ ಮರ್ವ್ ಹೇಳಬೇಕಿತ್ತು. ಆ ಎರಡನ್ನು ಅಲ್ಲಿ ಶಾಲೆಗೆ ಹೋದ ಎಲ್ಲರೂ ಬಲ್ಲರು, ಗ್ಲೆನಿಸ್ ಕೂಡ ಬಲ್ಲಳು. ಅವಳು ಎಂದಿನಂತೆ ಸ್ಟೂಲಿನ ಮೇಲೆ ಕೂತಳು. ಅವನು ಎಂದಿನಂತೆ ದುರ್ಬೀನು ಏರಿಸಿದ.

“ಎರಡು ನಿಮಿಷ ಇದೆ” ಅಂದಳು. ಲಿಂಡ್ಸೆ ಮೊದಲೇ ಕಳಿಸುತ್ತಿದ್ದ ಲೆಕ್ಕ ನೋಡಿ ಹೀಗೆ ಉಳಿದ ಸಮಯವನ್ನು ಹೇಳುತ್ತ ಹೋಗುವುದೂ ಅವಳದೇ ಕೆಲಸ.

“ಹೂಂ.”

ಆಮೇಲೆ ಅವಳು, ಮದುವೆಯಾದ ಮೇಲೆ ಮೊದಲ ಸಲ, ಶಾಸನ ಮುರಿದು ತಲೆ ಎತ್ತಿದಳು.

ಎತ್ತಿದ್ದೇ ತಡ, ಅದು ಬಂದೇಬಿಟ್ಟಿತ್ತು. ಲೆಕ್ಕಕ್ಕಿಂತ ಬೇಗ. ಕೆಂಪು ಕಲೆತ ಬೆಳಕೊಂದು, ಹೊರಳುತ್ತಿರುವುದಕ್ಕೋ ಏನೋ ಮಿನುಗಿ ಮಂಕಾಗಿ ಮತ್ತೆ ಮಿನುಗುತ್ತ, ಮನೆಯ ಚಾವಣಿಯ ಮೇಲಿನಿಂದ ದಾಪುಗಾಲಿನಲ್ಲಿ ಹತ್ತಿ ಬರುತ್ತಿತ್ತು. ಅವಳು ಗಂಡನ ಕಡೆ ನೋಡಿದಳು. ದುರ್ಬೀನು ಸರಿಯಾಗಿ ಆ ಎರಡು ನಕ್ಷತ್ರಗಳತ್ತಲೇ ತಿರುಗಿತ್ತು. ಹೇಳು, ಮರ್ವ್, ಹೇಳು ಎಂದು ಮನಸ್ಸಿನಲ್ಲೇ ಅಂಗಲಾಚಿದಳು. ಬೆಳಕು ಅವನ ಕಣ್ಣೆದುರೇ ಎರಡು ನಕ್ಷತ್ರಗಳ ನಡುವೆ ಹಾಯಿತು. ಅವನು ಪಿಟ್ಟೆನ್ನಲಿಲ್ಲ. ಅವಳ ಹೆಬ್ಬೆರಳು ತಾನಾಗಿ ಗುಂಡಿಯನ್ನು ಒತ್ತಿತು. ಟಿಕ್ ಎಂದಿತು.

ಬೆಳಕು ಕಾನ್‌ನ ನಿಂಬೆಗಿಡದ ಹಿಂದೆ ಇಳಿದು ಮರೆಯಾಯಿತು. ಆದರೂ, ಯಾಕೆಂದು ಅವಳಿಗೇ ತಿಳಿಯದು, ಎಂದಿನ ದನಿಯಲ್ಲಿ “ಒಂದು ನಿಮಿಷ” ಅಂದಳು.

ಕಾರ್ಖಾನೆಯಲ್ಲಿ ಗಡಿಯಾರ ನೋಡದೆಯೇ ನಿಮಿಷಕ್ಕೊಂದು ಬಾಗಿಲು ಜೋಡಿಸಿದ ಮನುಷ್ಯ ಅವನು. ತುಟಿ ಅಲ್ಲಾಡುವುದು ಅವಳಿಗೆ ಕಾಣಿಸುತ್ತಿತ್ತು. ಅವನು ಎಣಿಸುತ್ತಿದ್ದ. ಎಣಿಸಿ ಮುಗಿಸಿ, ಖಾಲಿ ಆಕಾಶಕ್ಕೆ ಮುಖ ಮಾಡಿ, ಗಟ್ಟಿಯಾಗಿ, “ಈಗ” ಅಂದ.

ಅವಳು ಒತ್ತಲಿಲ್ಲ.

ಪಕ್ಕದ ಮನೆಯಲ್ಲಿ ಯಾರೋ ಬಾಣಲೆ ತೊಳೆಯುತ್ತಿದ್ದರು.

“ಒತ್ತಿದ್ಯಾ?” ಎಂದ ಮರ್ವ್.

“ಒತ್ತಿದೆ.”

“ಟಿಕ್ ಅಂದಿದ್ದು ಆಗ್ಲೇ ಕೇಳಿಸ್ತು. ಈಗ ಕೇಳಿಸ್ಲಿಲ್ಲ.” ಅವನ ದನಿ ಗಡುಸಾಗಿತ್ತು. “ನೀನು ಮೇಲೆ ನೋಡ್ದೆ.”

“ನೋಡ್ದೆ.”

“ನೋಡ್ಬಾರ್ದು ಅಂತ ಗೊತ್ತಿಲ್ವಾ ನಿಂಗೆ? ಇಷ್ಟು ವರ್ಷ ಆದ್ಮೇಲೆ ಇವತ್ತೇ ನೋಡ್ಬೇಕಿತ್ತಾ?”

“ನೀನು ಕಂಡಿದ್ದಿದ್ರೆ ನಾನ್ಯಾಕೆ ನೋಡ್ತಿದ್ದೆ, ಮರ್ವ್?” ಅವಳು ಸ್ಟೂಲಿನಿಂದ ಎದ್ದಳು. “ನಿನ್ ಮೂಗಿನ ಮುಂದೇ ಹೋಯ್ತು ಅದು. ದೀಪ ಹಿಡ್ಕೊಂಡ್ ಹೋದ ಹಾಗೆ ಹೋಯ್ತು. ಯಾವಾಗಿಂದ ಹೀಗೆ?”

ಅವನು ದುರ್ಬೀನು ಇಳಿಸಿದ. ಬೈಯುತ್ತಾನೆ ಅಂದುಕೊಂಡಳು. ಬೈಯಲಿಲ್ಲ.

“ಈಸ್ಟರ್‌ನಿಂದ” ಅಂದ. “ಮೊದ್ಲು ಕಣ್ಣಿಟ್ಟ ಕಡೆ ನಟ್ಟನಡುವಿನದು ಮಾತ್ರ ಕಾಣ್ತಿರ್ಲಿಲ್ಲ. ಆಮೇಲೆ ನಕ್ಷತ್ರಾನೂ ಹೋಯ್ತು. ನೀನು ಹೊತ್ತು ಹೇಳ್ತಿದ್ದೆ, ನಾನು ಎಣಿಸ್ತಿದ್ದೆ. ಮುಂದಿನ ಸಲ ಕಾಣುತ್ತೇನೋ, ಮುಂದಿನ ಸಲ ಕಾಣುತ್ತೇನೋ ಅಂತ.”

ಒಳಗೆ ಬಂದು ಅವನೇ ಫೋನು ಕೇಳಿದ. ಅವಳು ಲಿಂಡ್ಸೆಯ ನಂಬರು ಒತ್ತಿ, ಮಾತು ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಮರ್ವ್ ನೆಟ್ಟಗೆ ಕೂತ.

“ಲಿಂಡ್ಸೆ, ಈಸ್ಟರ್ ಆದ್ಮೇಲೆ ನಾನು ಕಳಿಸಿದ್ದನ್ನೆಲ್ಲ ತೆಗೆದುಹಾಕು. ಒಂದನ್ನೂ ನಾನು ಕಂಡಿಲ್ಲ. ಕಣ್ಣು ಹೋಗಿದೆ.”

ಫೋನು ಕಡಿದುಹೋಯಿತೇ ಎಂದು ಗ್ಲೆನಿಸ್ ಬಗ್ಗಿ ನೋಡಿದಳು.

“ಮರ್ವ್, ನಿನ್ನವನ್ನ ನಾವು ಸೇರಿಸ್ತಾನೇ ಇಲ್ಲ ಮಾರಾಯ. ಆಗಿಂದ್ಲೂ ಸೇರಿಸಿಲ್ಲ.”

“ಯಾಕೆ?”

“ಒಂದೂ ತಪ್ಪಿರ್ಲಿಲ್ಲ ಅದ್ರಲ್ಲಿ. ನಾವು ಮೊದ್ಲೇ ಹಾಕಿಟ್ಟ ಲೆಕ್ಕ ಏನಿತ್ತೋ ಅದೇ ವಾಪಸ್ ಬರ್ತಿತ್ತು. ಕಣ್ಣಲ್ಲಿ ನೋಡಿದೋರದ್ದು ಚೂರಾದ್ರೂ ತಪ್ಪುತ್ತೆ.”

“ಹೇಳೋಕಾಗ್ತಿರ್ಲಿಲ್ವಾ?”

“ಯಾರು ಹೇಳೋದು ಅಂತಾನೇ ತೀರ್ಮಾನ ಆಗ್ಲಿಲ್ಲ. ಎಲ್ರೂ ಇನ್ನೊಬ್ರು ಹೇಳ್ಲಿ ಅಂದ್ರು.”

ನೆಟ್ಟಗೆ ಕೂತಿದ್ದ ಮರ್ವ್ ಕುರ್ಚಿಗೆ ಒರಗಿದ. ಊರಿಗೆಲ್ಲ ಗೊತ್ತಿದ್ದ ಗುಟ್ಟನ್ನು ಅವನೊಬ್ಬನೇ ಬಚ್ಚಿಟ್ಟುಕೊಂಡು ತಿಂಗಳುಗಟ್ಟಲೆ ಬೆವರಿದ್ದ. ಗ್ಲೆನಿಸ್‌ಗೆ ಆ ಒಳ್ಳೆಯವರ ಒಳ್ಳೆಯತನದ ಮೇಲೆ ಕೆಟ್ಟ ಕೋಪ ಬಂತು. ಆಮೇಲೆ, ತಾನೂ ಬಾಯಿ ಮುಚ್ಚಿಕೊಂಡೇ ಇದ್ದೆನಲ್ಲ ಎಂದು ನೆನಪಾಗಿ ಸುಮ್ಮನಾದಳು.

“ಇವತ್ತಿನದು ನನ್ನದಲ್ಲ” ಎಂದ ಮರ್ವ್ ಕೊನೆಗೆ. “ಗ್ಲೆನಿಸ್ ನೋಡಿದ್ದಾಳೆ. ಅವಳನ್ನೇ ಕೇಳು.”

ಅವಳು ಸ್ಟಾಪ್‌ವಾಚಿನಲ್ಲಿದ್ದ ಸಮಯ ಓದಿದಳು. ಲಿಂಡ್ಸೆ ಇನ್ನೊಮ್ಮೆ ಓದಿಸಿದ. “ಅಷ್ಟು ಬೇಗ ಬಂತಾ? ಖಂಡಿತಾನಾ? ಹಾಗಿದ್ರೆ ನಾಳೆವರೆಗೂ ಉಳಿಯಲ್ಲ ಅದು. ಇವತ್ತೇ ಬೀಳುತ್ತೆ. ಎಲ್ರಿಗೂ ಹೇಳ್ಬೇಕು, ಇಡ್ತೀನಿ” ಎಂದು ಇಟ್ಟೇಬಿಟ್ಟ.

ಮರ್ವ್ ಮೇಜಿನ ಮೇಲೆ ಕೈ ಆಡಿಸಿ ಅವಳ ಕೈ ಹುಡುಕಿ ಹಿಡಿದುಕೊಂಡ.

“ಹೇಗಿತ್ತು, ಗ್ಲೆನ್?”

ಆಕಾಶದ ಬಗ್ಗೆ ಅವನು ಅವಳನ್ನು ಕೇಳಿದ ಮೊದಲ ಮಾತು ಅದು. “ಕೆಂಪಗಿತ್ತು. ಆತುರದಲ್ಲಿತ್ತು” ಅಂದಳು.

“ಹಾಗಲ್ಲ, ಮೊದ್ಲಿಂದ ಹೇಳು” ಎಂದು ಅವನು ಕಣ್ಣು ಮುಚ್ಚಿದ. “ಎಲ್ಲಿಂದ ಬಂತು?”