ದಾವಲಸಾಬನ ಟೊಮಾಟಿ ಶಾವಿಗೆ

ಇಟಲಿಯ ಯುದ್ಧ ಮುಗಿಸಿ ತನ್ನೂರು ತಿಕೋಂಡಿಗೆ ಮರಳಿದ ಸಿಪಾಯಿ ದಾವಲಸಾಬನಿಗೆ ಪದಕಕ್ಕಿಂತ ಅಲ್ಲಿನ ಶಾವಿಗೆ ಮಕರೋನಿಯೇ ದೊಡ್ಡದು. ಊರೆಲ್ಲ ಹಾಲು ಬೆಲ್ಲ ಹಾಕಿ ಉಣ್ಣುವ ಶಾವಿಗೆಗೆ ಅವನು ಟೊಮಾಟಿ, ಬಳ್ಳೊಳ್ಳಿ ಸುರಿದು ಕುದಿಸತೊಡಗಿದರೆ ಓಣಿಗೆ ಓಣಿಯೇ ಮೂಗು ಮುಚ್ಚಿಕೊಳ್ಳುತ್ತಿತ್ತು. ಅವನಿಗೋ ಹಿಗ್ಗೇ ಹಿಗ್ಗು! ‘ಬರ್ರಿ, ಲಗೂನ ಕುಂದ್ರಿ! ಅಸಲಿ ಇಟಲಿ ಊಟ!’ ಎಂದು ದಾರಿಹೋಕರನ್ನೆಲ್ಲ ಕೂಡಿಸಿ, ಜಾಲಿಯ ಕವಲುಕಡ್ಡಿ ಕೈಗೆ ಕೊಟ್ಟು, ‘ಹಿಂಗ ಸುತ್ತರಿ, ಹಾಂ, ಈಗ ಬಾಯಾಗ!’ ಎಂದು ಕುಣಿಯುವನು. ‘ಒಂದೀಟು ಬೆಲ್ಲಾನರ ಹಾಕೋ, ಹುಚ್ಚಾ’ ಎಂದು ನೆರೆಮನೆಯ ಮಲಕವ್ವ ರೇಗಿದಾಗ ಮಾತ್ರ ಅವನ ದನಿ ತಗ್ಗುತ್ತಿತ್ತು: ‘ಬೆಲ್ಲಾ ಹಾಕಿದ್ರ ಆಕಿ ಕೈರುಚಿ ಹೋಗತೈತಿ, ಎವ್ವಾ. ಅಲ್ಲೊಬ್ಬಾಕಿ ಮುದುಕಿ, ನಮ್ಮ ಫೌಜಿನ ಗುಂಡಿಗೆ ಮಗನ್ನ ಕಳಕೊಂಡಾಕಿ, ವೈರಿ ಫೌಜಿಗೆ ಸಿಗದಂಗ ನನ್ನ ಬಣವ್ಯಾಗ ಮುಚ್ಚಿಟ್ಟು ಇದನ್ನ ಉಣಿಸ್ಯಾಳ.’