ಲೀಲಮ್ಮನವರ ಜೋಡಿ ತಪ್ಪಿದ ದಿಂಬುಗಳು

ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಮೇಲೆ ಇನ್ನೂ ಮಂಜು ಕೂತಿದೆ. ಎದುರಿನ ಬ್ಲಾಕು ಇದೆಯೋ ಇಲ್ಲವೋ ಎಂಬ ಹಾಗೆ ಕಾಣುತ್ತಿದೆ. ನಲ್ಲಿಯಲ್ಲಿ ನೀರು ಬರುವ ಹೊತ್ತಾದ್ದರಿಂದ ಕೆಳಗೆ ಯಾರೋ ಬಕೆಟ್ ಎಳೆದಾಡುತ್ತಿದ್ದಾರೆ. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಲೀಲಮ್ಮ ಸ್ವೆಟರಿನ ಮೇಲೆ ಶಾಲು ಹೊದ್ದು ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ಪಕ್ಕದಲ್ಲಿ ಬಟ್ಟೆಯ ತುಂಡುಗಳು ತುಂಬಿದ ಒಂದು ಗೋಣಿಚೀಲ. ಯಂತ್ರದ ಚಕ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಚೀಲದೊಳಗೆ ಕೈ ಹಾಕುತ್ತಾರೆ. ಕೈಗೆ ಸಿಕ್ಕಿದ್ದನ್ನು ಎಳೆದು ತೆಗೆದರೆ ಬದನೆಕಾಯಿ ಬಣ್ಣದ ತುಂಡು.

"ಅಯ್ಯೋ ರಾಮ, ಇದಾ? ಕಾಫಿಪುಡಿ ಬಣ್ಣದ ಸೋಫಾ ಮೇಲೆ ಇದನ್ನ ಹೇಗಪ್ಪಾ ಇಡೋದು?" ಎಂದು ಮುಖ ಕಿವುಚುತ್ತಾರೆ.

ಒಳಗೆ ಚಹಾ ಸೋಸುತ್ತಿರುವ ಪತಿ ಜಗನ್ನಾಥ ಅಲ್ಲಿಂದಲೇ ಕೂಗಿ ಹೇಳುತ್ತಾರೆ: "ಸಿಕ್ಕಿದ್ದನ್ನೇ ಹಾಕು ಲೀಲಾ. ನೀನು ಆರಿಸಿದ್ದು ಹೋದ ವಾರಾನೂ ವಾಪಸ್ ಬಂತು."

ಮಾತು ಸುಳ್ಳಲ್ಲ. ಹೋದ ವಾರ ನೋಯ್ಡಾದ ಗಿರಾಕಿಯೊಬ್ಬರಿಗೆ ಲೀಲಮ್ಮ ತಾವೇ ಅಳೆದು ಸುರಿದು ಯೋಚಿಸಿ, ಮರೂನ್ ಸೋಫಾಕ್ಕೆ ಗುಲಾಬಿ ದಿಂಬು ಹೊಲಿದುಕೊಟ್ಟಿದ್ದರು. "ಇದು ತೀರಾ ಮ್ಯಾಚ್ ಆಗ್ತಿದೆ ಆಂಟಿ" ಎಂದು ಆ ಹೆಣ್ಣುಮಗಳು ಹಿಂದಿರುಗಿಸಿದಳು. ಮ್ಯಾಚ್ ಆಗುವುದೇ ತಪ್ಪು ಎಂಬ ಮಾತನ್ನು ಈ ಚಳಿಗಾಲದವರೆಗೆ ಲೀಲಮ್ಮ ತಮ್ಮ ಜನ್ಮದಲ್ಲಿ ಕೇಳಿದವರಲ್ಲ. ಅದಾದ ಮೇಲೆಯೇ ಈ ಕಣ್ಣು ಮುಚ್ಚುವ ಉಪಾಯ ಶುರುವಾದದ್ದು.

ಮದುವೆಯಾಗಿ ಅರಸೀಕೆರೆಯಿಂದ ದೆಹಲಿಗೆ ಬಂದ ಲೀಲಮ್ಮ, ಜಗನ್ನಾಥರ ಗುಮಾಸ್ತೆಯ ಸಂಬಳಕ್ಕೆ ಕೈಜೋಡಿಸಲು ಪರದೆ ಹೊಲಿಯಲು ಕೂತವರು. ಸರ್ಕಾರಿ ಕ್ವಾರ್ಟರ್ಸಿನಲ್ಲಿ ಪರದೆ ಹೊಲಿಯುವವರಿಗೆ ಕೆಲಸ ತಪ್ಪುವುದಿಲ್ಲ. ಬಡ್ತಿ ಸಿಕ್ಕರೆ ದೊಡ್ಡ ಮನೆ, ದೊಡ್ಡ ಮನೆಗೆ ದೊಡ್ಡ ಕಿಟಕಿ, ದೊಡ್ಡ ಕಿಟಕಿಗೆ ಹಳೆಯ ಪರದೆ ಸಾಲದು. ಅದಕ್ಕೆ ಕೆಳಗೊಂದು ಪಟ್ಟಿ ಕೂಡಿಸಬೇಕು, ಅದು ಕೂಡಿಸಿದ್ದೆಂದು ಯಾರಿಗೂ ಗೊತ್ತಾಗಬಾರದು. ಗೋಡೆಗಳಿಗೆ ಇಲಾಖೆ ಬಳಿಸುವ ಅದೇ ಕೆನೆ ಬಣ್ಣ. ಹಾಗಾಗಿ ಮನೆಯ ಅಂದವೆಲ್ಲ ಬಟ್ಟೆಯ ಮೇಲೆಯೇ ನಿಂತಿತ್ತು. ಪರದೆ, ಸೋಫಾ, ದಿಂಬು, ಟೀವಿ, ಫ್ರಿಜ್ಜಿನ ತಲೆ ಎಲ್ಲಕ್ಕೂ ಒಂದೇ ಥಾನಿನ, ಅಂದರೆ ಒಂದೇ ಸುರುಳಿಯ, ಬಟ್ಟೆ ಹೊದಿಸಿದವರ ಮನೆಯೇ ಮನೆ. ಒಂದು ದಿಂಬು ಬೇರೆ ಬಣ್ಣದ್ದು ಕಂಡರೆ ಬಟ್ಟೆ ಸಾಲಲಿಲ್ಲವೆಂದೇ ಅರ್ಥ. ನೋಡಿದವರು ಕಂಡೂ ಕಾಣದಂತೆ ಇದ್ದುಬಿಡುತ್ತಿದ್ದರು.

"ಬಟ್ಟೆ ಯಾಕೆ ಕಡಿಮೆ ತಂದ್ರಿ ಅಂತ ನಾನು ಯಾರನ್ನೂ ಕೇಳಿದವಳಲ್ಲ. ತಿಂಗಳ ಕೊನೆ ಎಲ್ಲರ ಮನೇಲೂ ಬರುತ್ತೆ. ಅದನ್ನ ಹೊಂದಿಸಿ ಮುಚ್ಚೋದೇ ನನ್ನ ಕೆಲಸ," ಎನ್ನುತ್ತಾರೆ ಲೀಲಮ್ಮ.

ದಿನಕ್ಕೆ ಎಷ್ಟು ಹೊಲಿಯುತ್ತೀರಿ ಎಂದು ಕೇಳಿದರೆ, "ಬೆಳಕು ಇರೋ ತನಕ" ಎಂಬುದಷ್ಟೇ ಉತ್ತರ. ಟ್ಯೂಬ್‌ಲೈಟಿನಲ್ಲಿ ಅವರು ಬಟ್ಟೆ ಕತ್ತರಿಸುವುದಿಲ್ಲ. ಆ ಬೆಳಕಿನಲ್ಲಿ ಒಂದೇ ಬಣ್ಣವೆಂದು ಜೋಡಿಸಿದ್ದು ಬೆಳಿಗ್ಗೆ ಎದ್ದು ನೋಡಿದರೆ ಬೇರೆಯಾಗಿರುತ್ತದಂತೆ. ಚಳಿಗಾಲದಲ್ಲಿ ಬೆರಳು ಸೆಟೆದುಕೊಳ್ಳುತ್ತವೆ, ಬೇಸಿಗೆಯಲ್ಲಿ ಬೆವರು ಬಟ್ಟೆಗೆ ತಾಗದಂತೆ ಮೊಣಕೈಗೆ ಟವೆಲ್ ಸುತ್ತಿಕೊಳ್ಳಬೇಕು. ಕತ್ತು ನೋವಂತೂ ಮನೆಯವರಲ್ಲಿ ಒಬ್ಬರಾಗಿಬಿಟ್ಟಿದೆ.

ಈ 2009ರ ಚಳಿ ಮುಗಿಯುವ ಹೊತ್ತಿಗೆ ಜಗನ್ನಾಥರಿಗೆ ನಿವೃತ್ತಿ. ಆಮೇಲೆ ಈ ಕ್ವಾರ್ಟರ್ಸ್ ಬಿಟ್ಟುಕೊಡಬೇಕು. ನಿಮ್ಮೂರಿಗೆ ಹೋಗುತ್ತೀರಾ ಎಂದರೆ ಲೀಲಮ್ಮನಿಗೆ ಸಿಟ್ಟೇ ಬರುತ್ತದೆ. "ಊರಲ್ಲಿ ನನ್ನ ಕೈಕೆಲಸ ಯಾರಿಗೆ ಗೊತ್ತು? ಅಲ್ಲಿ ನಾನು ಬರೀ ಜಗನ್ನಾಥನ ಹೆಂಡತಿ. ಇಲ್ಲಿ ಪರದೆ ಲೀಲಮ್ಮ." ಬಾಡಿಗೆ ಕೈಗೆ ಎಟಕುವ ಕಡೆ ಎಂದರೆ ನೋಯ್ಡಾ. ಆದರೆ ಅಲ್ಲಿ ಮೊನ್ನೆಮೊನ್ನೆಯವರೆಗೂ ಅವರನ್ನು ಬಲ್ಲವರಿರಲಿಲ್ಲ. ಅಲ್ಲಿ ನಾಲ್ಕು ಮನೆಯ ಕೆಲಸ ಕೈಗೆ ಬರದಿದ್ದರೆ ಪರದೆ ಲೀಲಮ್ಮನ ಹೆಸರು ಈ ಬಾಲ್ಕನಿಯಲ್ಲೇ ಮುಗಿಯುತ್ತದೆ ಎಂಬ ಭಯ ಅವರನ್ನು ಕಾಡುತ್ತಲೇ ಇತ್ತು.

ಅಂಥ ಸಮಯದಲ್ಲಿ, ಈ ಚಳಿಯ ಶುರುವಿನಲ್ಲಿ, ಲೋಧಿ ಕಾಲೋನಿಯ ವೈಜಯಂತಿ, ಅಂದರೆ ಲೀಲಮ್ಮನವರ ಹಳೆಯ ಗಿರಾಕಿ, ಅಧಿಕಾರಿಯೊಬ್ಬರ ಹೆಂಡತಿ, ತಮ್ಮ ತಂಗಿಯ ಮಗಳನ್ನು ಕಳಿಸಿಕೊಟ್ಟರು. ಹುಡುಗಿಯ ಹೆಸರು ಲಾವಣ್ಯಾ. ಅವಳೂ ಗಂಡ ಚರಣನೂ ನೋಯ್ಡಾದ ಕಂಪನಿಗಳಲ್ಲಿ ಕೆಲಸ ಮಾಡುವವರು. ಹೊಸ ಫ್ಲಾಟ್ ಕೊಂಡಿದ್ದರು, ಗೃಹಪ್ರವೇಶ ಹತ್ತಿರದಲ್ಲಿತ್ತು. ಕಿಟಕಿಗಳ ಅಳತೆಗೆಂದು ಎರಡು ಬಸ್ಸು ಬದಲಿಸಿ, ಅಗೆದು ಹಾಕಿದ ರಸ್ತೆಗಳ ಧೂಳು ಕುಡಿದು ಅಲ್ಲಿಗೆ ಹೋದ ಲೀಲಮ್ಮನಿಗೆ ಮೊದಲು ಕಂಡದ್ದು ಗೋಡೆ. ಹಾಲ್‌ನ ಮೂರು ಗೋಡೆ ಗಂಧದ ಬಣ್ಣ, ನಾಲ್ಕನೆಯದು ಕಡುನೀಲಿ. ಲಾವಣ್ಯಾ ಗಂಧದ ಬಣ್ಣದ ಬಟ್ಟೆಯ ದೊಡ್ಡ ಗಂಟನ್ನೂ ನವಿಲು ಬಣ್ಣದ ಸಣ್ಣದೊಂದು ಗಂಟನ್ನೂ ಮುಂದಿಟ್ಟಳು.

"ಆಂಟಿ, ಎರಡೇ ಎರಡು ಕುಶನ್ ಈ ನವಿಲು ಬಣ್ಣದಲ್ಲಿ ಹೊಲೀರಿ. ಮತ್ತೆ ಆ ನೀಲಿ ಗೋಡೆ ಪಕ್ಕದ ಕಿಟಕಿ ಪರದೆ. ಬಾಕಿ ಎಲ್ಲಾ ಗಂಧದ ಬಣ್ಣದಲ್ಲಿ," ಎಂದಳು.

ಲೀಲಮ್ಮ ಹೂಂಗುಟ್ಟಿದರು. ಮಾತೇನೋ ಕಿವಿಗೆ ಸರಿಯಾಗಿಯೇ ಬಿದ್ದಿತ್ತು. ಆದರೆ ಅದರ ಹಿಂದೆ ಅವರಿಗೆ ಕಂಡದ್ದು ಬೇರೆ. ಪಾಪ, ಮಕ್ಕಳು ಸಾಲ ಮಾಡಿ ಮನೆ ಕೊಂಡಿದ್ದಾರೆ. ಗೋಡೆಗೆ ಬಣ್ಣ ಸಾಲಲಿಲ್ಲ, ದಿಂಬಿಗೆ ಬಟ್ಟೆ ಸಾಲಲಿಲ್ಲ. ಬಾಯಿಬಿಟ್ಟು ಹೇಳಲಾರದೆ, ಬೇಕೆಂದೇ ಹೀಗೆ ಮಾಡಿಸುತ್ತಿದ್ದೇವೆ ಎಂಬಂತೆ ನಗುತ್ತಿದ್ದಾಳೆ ಹುಡುಗಿ. ಎಷ್ಟು ಮರ್ಯಾದಸ್ಥ ಮಕ್ಕಳು!

ಕೇಳಬಾರದೆಂಬುದು ಅವರ ಕಸುಬಿನ ನಿಯಮ, ಅದಕ್ಕೇ ಕೇಳಲಿಲ್ಲ. ಗಂಧದ ಬಣ್ಣದ ಚೂರೊಂದನ್ನು ಸ್ವೆಟರಿಗೆ ಪಿನ್ನು ಮಾಡಿಕೊಂಡು ಲಜಪತ್ ನಗರ, ಕೋಟ್ಲಾ, ಕರೋಲ್ ಬಾಗ್ ಎಲ್ಲ ಸುತ್ತಿದರು. ಶನಿವಾರ ಜಗನ್ನಾಥರೂ ಜೊತೆಗೆ ಹೋದರು. ಗಂಧದ ಬಣ್ಣದಲ್ಲಿ ಎಷ್ಟೊಂದು ಬಗೆ! ಒಂದು ಹಳದಿಗೆ ತಿರುಗಿದೆ, ಇನ್ನೊಂದು ಮಣ್ಣಿಗೆ. "ಮಾತಾಜೀ, ಸಬ್ ಏಕ್ ಹೀ ತೋ ಹೈ," ಎಲ್ಲ ಒಂದೇ ಅಲ್ಲವೇ ಎಂದು ಅಂಗಡಿಯವನು ಬೇಸತ್ತ. "ಏಕ್ ನಹೀಂ ಹೈ ಭಯ್ಯಾ, ಬಾಹರ್ ಧೂಪ್ ಮೇ ದೇಖೋ," ಎಂದು ಲೀಲಮ್ಮ ಬಿಸಿಲಲ್ಲಿ ತೋರಿಸಲು ಥಾನನ್ನು ರಸ್ತೆಗೇ ಹೊತ್ತುತಂದರು. ಕೊನೆಗೆ ಲಜಪತ್ ನಗರದ ಒಂದು ಮೂಲೆಯ ಅಂಗಡಿಯಲ್ಲಿ ಅದೇ ಬಣ್ಣ ಸಿಕ್ಕಿತು. ಆ ಸಂಜೆ ಗಂಡ ಹೆಂಡಿರಿಬ್ಬರೂ ಹಬ್ಬ ಮಾಡಿದಷ್ಟು ಸಂತೋಷಪಟ್ಟರು.

ದಿಂಬು, ಪರದೆ ಎಲ್ಲ ಒಂದೇ ಬಣ್ಣದಲ್ಲಿ ಸಿದ್ಧವಾಯಿತು. ನವಿಲು ಬಣ್ಣದ ಬಟ್ಟೆ ದಂಡವಾಗಬಾರದಲ್ಲ? ಅದರಲ್ಲಿ ಟೀವಿಗೊಂದು, ಫ್ರಿಜ್ಜಿಗೊಂದು ನೆರಿಗೆಯ ಹೊದಿಕೆ ಹೊಲಿದರು. ಗೃಹಪ್ರವೇಶದ ಮುಯ್ಯಿ ಎಂದು ಮೇಲೊಂದು ಅರಿಶಿನದ ಬೊಟ್ಟು ಬೇರೆ.

ಗೃಹಪ್ರವೇಶದ ಮುನ್ನಾದಿನ, ಲೀಲಮ್ಮ ಹೊತ್ತು ತಂದ ಗಂಟು ಬಿಚ್ಚಿದ ಲಾವಣ್ಯಾಳ ಮುಖ ಸಪ್ಪಗಾಯಿತು. ಚರಣ್ ಹೊದಿಕೆಯನ್ನೆತ್ತಿ ಗೋಡೆಗೆ ನೇತುಹಾಕಿದ ಚಪ್ಪಟೆ ಟೀವಿಗೆ ಹಿಡಿದು ನೋಡಿದ. ಅದು ಫ್ರಾಕು ತೊಟ್ಟ ಹಾಗೆ ಕಂಡಿತು. ಅವನಿಗೆ ನಗು ತಡೆಯಲಾಗಲಿಲ್ಲ.

"ನಗಬೇಡ ಚರಣ್! ಆಂಟಿ, ನಾನು ಹೇಳಿದ್ದೇನು, ನೀವು ಮಾಡಿರೋದೇನು? ನಾಳೆ ಬೆಳಿಗ್ಗೆ ಜನ ಬರ್ತಾರೆ. ಇಡೀ ಹಾಲ್ ಹಾಳಾಯ್ತು," ಎಂದಳು ಲಾವಣ್ಯಾ. ಅವಳ ಕಣ್ಣಲ್ಲಿ ನೀರೇ ಬಂದಿತ್ತು.

"ಬಟ್ಟೆ ಸಾಲಲಿಲ್ಲ ಅಂತ ನಾನೇ ಹುಡುಕಿ ತಂದೆ ಕಣಮ್ಮ. ನಾಲ್ಕು ಜನ ಏನಾದರೂ ಅಂದುಕೊಂಡಾರು ಅಂತ..."

"ಸಾಲಲಿಲ್ಲ ಅಂತ ಯಾರು ಹೇಳಿದ್ರು? ಅದು ಹಾಗೇ ಇರಬೇಕಿತ್ತು!"

ಹಾಗೇ ಇರಬೇಕಿತ್ತು. ಲೀಲಮ್ಮನಿಗೆ ಇದರ ತಲೆಬುಡ ತಿಳಿಯಲಿಲ್ಲ. ತಿಳಿದದ್ದು ಒಂದೇ, ನೋಯ್ಡಾದ ಮೊದಲ ಮನೆಯಲ್ಲೇ ತಾವು ಎಡವಿದ್ದೇವೆ ಎಂಬುದು. ನೆಲದ ಮೇಲೆ ಕೂತು, ಬ್ಲೇಡು ಕೇಳಿ ಇಸಿದುಕೊಂಡು ಟೀವಿ ಹೊದಿಕೆಯ ನೆರಿಗೆ ಬಿಚ್ಚಿದರು. ಯಂತ್ರವಿಲ್ಲದ್ದರಿಂದ ಕೈಹೊಲಿಗೆಯಲ್ಲೇ ಎರಡು ನವಿಲು ಬಣ್ಣದ ದಿಂಬಿನ ಗೌಸು ಮುಗಿಸಿದರು. ಪರದೆಗೆ ಬಟ್ಟೆ ಉಳಿದಿರಲಿಲ್ಲ. ಈ ಸಲ ಅದು ನಿಜವಾಗಿಯೂ ಸಾಲಲಿಲ್ಲ. ನಡುವೆ ಲಾವಣ್ಯಾ ಬಂದು ಪಕ್ಕದಲ್ಲಿ ಕೂತು, "ಎಲ್ಲೆಲ್ಲಿ ಹುಡುಕಿದ್ರಿ ಆಂಟಿ?" ಎಂದು ಕೇಳಿದಳು. ಲೀಲಮ್ಮ ಹೇಳಿದರು. ಹುಡುಗಿ ದಾರ ಪೋಣಿಸಿ ಕೊಡುತ್ತಾ ಕೂತಳು.

ಮರುದಿನ ವೈಜಯಂತಿ ಊಟದ ಎಲೆಯ ಮುಂದೆ ವಿವರಿಸಲು ನೋಡಿದರು. "ನೋಡು ಲೀಲಮ್ಮ, ಮುಖಕ್ಕೆ ಕುಂಕುಮ ಇಟ್ಟ ಹಾಗೆ ಇದು. ಒಂದೇ ಕಡೆ ಎದ್ದು ಕಾಣಬೇಕು."

"ಕುಂಕುಮ ಹಣೆ ಮಧ್ಯ ಇಡ್ತೀವಲ್ಲಮ್ಮ. ಇವರು ಸೋಫಾ ಮೂಲೇಲಿ ಇಟ್ಟಿದ್ದಾರೆ," ಎಂದರು ಲೀಲಮ್ಮ. ವೈಜಯಂತಿ ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು.

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕೆಲವು ದಿನ ಬಿಟ್ಟು ಲಾವಣ್ಯಾ, ಅಂದು ಕೂಗಾಡಿದ್ದಕ್ಕೆ ಮನಸ್ಸು ತಡೆಯದೆ, ಸಿಹಿಯ ಡಬ್ಬಿ ಹಿಡಿದು ಹೇಳದೆ ಕೇಳದೆ ಆರ್.ಕೆ.ಪುರಂಗೆ ಬಂದಳು. ಬಾಗಿಲು ತೆರೆದ ಲೀಲಮ್ಮ ಹೊಸ್ತಿಲಿಗೆ ಅಡ್ಡವಾಗಿ ನಿಂತರು. ಏಕೆಂದರೆ ಆ ಮನೆಯೊಳಕ್ಕೆ ಅವರು ಗಿರಾಕಿಗಳನ್ನು ಕರೆದವರೇ ಅಲ್ಲ, ಅಳತೆ, ಮಾತು ಎಲ್ಲ ಮೆಟ್ಟಿಲಲ್ಲೇ. ಊರಿಗೆಲ್ಲ ಒಂದೇ ಬಣ್ಣ ಹೊಂದಿಸಿಕೊಟ್ಟ ಅವರು ತಮ್ಮ ಮನೆಗೆ ಹೊಲಿದುಕೊಂಡದ್ದೆಲ್ಲ ಪರರ ಬಟ್ಟೆಯ ಉಳಿಕೆಯಲ್ಲಿ. ಒಂದು ಪರದೆ ಹಸಿರು, ಅದರ ಜೊತೆಗಾರ ಕೆಂಪು. ದಿವಾನದ ಮೇಲಿನ ಒಂದು ದಿಂಬು ಇನ್ನೊಂದರ ಹಾಗಿಲ್ಲ. ಯಾರಾದರೂ ಒಳಗೆ ಬಂದರೆ ದಿಂಬುಗಳನ್ನೆಲ್ಲ ಬಾಚಿ ಮಂಚದ ಕೆಳಗೆ ತಳ್ಳುವುದು ಅವರಿಗೆ ರೂಢಿಯಾಗಿಹೋಗಿತ್ತು.

ಅಂದು ತಳ್ಳಲು ಸಮಯ ಸಿಗಲಿಲ್ಲ. ಲಾವಣ್ಯಾ ನಡುಮನೆಯಲ್ಲಿ ನಿಂತು ಸುತ್ತ ನೋಡಿದಳು. "ಆಂಟೀ! ಎಷ್ಟು ಚೆನ್ನಾಗಿದೆ! ಇದನ್ನ ಯಾರು ಡಿಸೈನ್ ಮಾಡಿದ್ದು?"

"ಗೇಲಿ ಮಾಡಬೇಡ ಕಣಮ್ಮ," ಎಂದುಬಿಟ್ಟರು ಲೀಲಮ್ಮ. ಅವರಿಗೆ ಅಳು ಬರುವ ಹಾಗಾಗಿತ್ತು.

ಅದು ಗೇಲಿಯಲ್ಲವೆಂದು ತಿಳಿಯಲು ಹೊತ್ತು ಹಿಡಿಯಿತು. ಲಾವಣ್ಯಾ ಫೋನಿನಲ್ಲಿ ಫೋಟೋ ಹಿಡಿದುಕೊಂಡು ಹೋದಳು. ಆಮೇಲೆ ಅವಳ ಸೊಸೈಟಿಯ ಹೆಂಗಸರಿಂದ ಒಂದೊಂದಾಗಿ ಕರೆ ಬಂತು. ಎಲ್ಲರದೂ ಒಂದೇ ಮಾತು: ನಿಮ್ಮ ಮನೆಯಲ್ಲಿದ್ದ ಹಾಗೇ ಬೇಕು. ಲೀಲಮ್ಮ ಹೆದರುತ್ತಿದ್ದ ನೋಯ್ಡಾ ತಾನಾಗಿ ಬಾಲ್ಕನಿಗೆ ಬಂದು ನಿಂತಿತ್ತು. ಅಲ್ಲಿ ಎರಡು ಕೋಣೆಯ ಬಾಡಿಗೆ ಮನೆಯನ್ನೂ ಜಗನ್ನಾಥ ನೋಡಿ ಬಂದಿದ್ದಾರೆ.

ಲೀಲಮ್ಮನ ಗೊಂದಲ ಮಾತ್ರ ಹಾಗೆಯೇ ಇದೆ. "ಆಗ ಉಳಿದದ್ದನ್ನ ಹಾಕ್ತಿದ್ದೆ, ಗತಿಯಿಲ್ಲದೆ. ಈಗ ಉಳಿದದ್ದರ ಹಾಗೆ ಕಾಣಲಿ ಅಂತ ಹೊಸ ಬಟ್ಟೆ ಕತ್ತರಿಸಬೇಕು. ನಾನು ಯೋಚನೆ ಮಾಡಿ ಆರಿಸಿದರೆ ಕೈ ತಾನಾಗಿ ಜೋಡಿ ಹುಡುಕುತ್ತೆ. ಕಣ್ಣು ಮುಚ್ಚಿ ತೆಗೆದದ್ದೇ ಅವರಿಗೆ ಹಿಡಿಸುತ್ತೆ. ಇದರಲ್ಲಿ ನನ್ನ ಕೆಲಸ ಏನಿದೆ ಹೇಳಿ?" ಎಂದು ಕೇಳುತ್ತಾರೆ. ಕೇಳುತ್ತಲೇ ಬದನೆಕಾಯಿ ಬಣ್ಣದ ತುಂಡನ್ನು ಸೂಜಿಯ ಕೆಳಗೆ ತಳ್ಳುತ್ತಾರೆ.

ಮಂಜು ಕರಗಿ ಬಿಸಿಲು ಬಾಲ್ಕನಿಗೆ ಇಳಿದಿದೆ. ಹೊಸ ಮನೆಯ ಬಗ್ಗೆ ಏನಾದರೂ ಆಸೆ ಇದೆಯೇ ಎಂದರೆ ಲೀಲಮ್ಮ ನಾಚುತ್ತಾರೆ. ಎದ್ದು ಹೋಗಿ ಟ್ರಂಕಿನಿಂದ ಬಟ್ಟೆಯ ಒಂದು ಥಾನು ತರುತ್ತಾರೆ. ತಿಳಿಹಸಿರು, ಅಂಚು ಕೂಡ ಬಿಚ್ಚಿಲ್ಲ. ಲಜಪತ್ ನಗರದ ಆ ಅಂಗಡಿಯಲ್ಲೇ ಕೊಂಡದ್ದು. ಇಷ್ಟು ವರ್ಷಗಳಲ್ಲಿ ತಮಗಾಗಿ ಕೊಂಡ ಮೊದಲ ಇಡೀ ಥಾನು.

"ಎಲ್ಲದಕ್ಕೂ ಇದೇ ಹಾಕಿಬಿಡ್ತೀನಿ ಅಂತಿದ್ದಾಳೆ," ಎಂದು ಜಗನ್ನಾಥ ಚಹಾದ ಲೋಟ ಇಡುತ್ತಾ ನಗುತ್ತಾರೆ. "ಗಿರಾಕಿಗಳು ಮನೆ ನೋಡೋಕೆ ಬರ್ತಾರೆ. ಇದನ್ನ ನೋಡಿದರೆ ಓಡಿಹೋಗ್ತಾರೆ ಅಷ್ಟೇ."

ಲೀಲಮ್ಮ ಥಾನಿನ ಮೇಲೆ ಅಂಗೈ ಆಡಿಸುತ್ತಾ ಹೇಳುತ್ತಾರೆ: "ಮುಂದಿನ ಕೋಣೆ ಅವರಿಗೆ ಬೇಕಾದ ಹಾಗೇ ಇರಲಿ, ಹಸಿರು, ಕೆಂಪು, ಏನಾದರೂ. ಒಳಗಿನ ಕೋಣೆಗೆ ಬಾಗಿಲು ಇದೆ, ಮುಚ್ಚಿಕೊಳ್ತೀನಿ. ಪರದೆ, ಹೊದಿಕೆ, ದಿಂಬು ಎಲ್ಲಾ ಇದರಲ್ಲೇ. ಅಲ್ಲಿ ಒಂದು ದಿಂಬೂ ಬೇರೆ ಬಣ್ಣದ್ದು ಇರಲ್ಲ."